ಫ್ಲೂ ಲಸಿಕೆ ಟೆಸ್ಟಿಂಗ್ ಫೆಲೋಶಿಪ್‌ಗೆ ನಮ್ಮಂಥೋರು ಹಾಕ್ಬಹುದಾ? (ಎಂಎಸ್ಸಿ ಮೈಕ್ರೋ, ದಾವಣಗೆರೆ)

ತೋಳಹುಣಸೆ_ಮೈಕ್ರೋ

ಎಲ್ಲರಿಗೂ ನಮಸ್ಕಾರ. ನಂದು ದಾವಣಗೆರೆ, ಇಲ್ಲೇ ಯೂನಿವರ್ಸಿಟೀಲಿ ಎಂಎಸ್ಸಿ ಮೈಕ್ರೋಬಯಾಲಜಿ ಈ ವರ್ಷ ಮುಗೀತು. ಸೀನಿಯರ್ ಒಬ್ರು ವಾಟ್ಸಾಪ್‌ನಲ್ಲಿ ಒಂದು ಪೋಸ್ಟಿಂಗ್ ಕಳಿಸಿದ್ರು, ಅಮೆರಿಕದ ಒರೈಸ್ ಫೆಲೋಶಿಪ್ ಅಂತೆ, ಅಲ್ಲಿನ ಸರ್ಕಾರಿ ಲ್ಯಾಬ್‌ನಲ್ಲಿ ಇನ್‌ಫ್ಲುಯೆಂಜಾ ಲಸಿಕೆ ಟೆಸ್ಟ್ ಮಾಡೋದನ್ನ ಕಲಿಸ್ತಾರೆ, ಡಿಗ್ರಿ ಮುಗಿಸಿ ಐದು ವರ್ಷದ ಒಳಗಿರೋರು ಹಾಕ್ಬಹುದು ಅಂತ ಇದೆ. ಓದಿದಾಗಿಂದ ಬೇರೆ ಏನೂ ತಲೆಗೆ ಹೋಗ್ತಿಲ್ಲ. ವೈರಾಲಜಿ ಪೇಪರ್ ನಂಗೆ ತುಂಬಾ ಇಷ್ಟ, ಆದ್ರೆ ನಾವು ಪ್ರಾಕ್ಟಿಕಲ್ ಅಂತ ಮಾಡಿದ್ದೆಲ್ಲ ಬ್ಯಾಕ್ಟೀರಿಯಾನೇ, ವೈರಸ್ ಲ್ಯಾಬ್ ಕಣ್ಣಲ್ಲೂ ನೋಡಿಲ್ಲ.

ಲಸಿಕೆ ಟೆಸ್ಟಿಂಗ್ ಅಂದ್ರೆ ದಿನಾ ಏನ್ ಮಾಡ್ತಾರೆ, ಇಂಡಿಯಾದೋರನ್ನ ತಗೋತಾರಾ, ಇಲ್ಲ ಅಂದ್ರೆ ಇದೇ ಥರದ ಕೆಲಸ ನಮ್ಮಲ್ಲಿ ಎಲ್ಲಿ ಸಿಗುತ್ತೆ? ಅಮ್ಮ ವೈರಸ್ ಅಂದ ಕೂಡ್ಲೇ ಬೇಡ ಅಂತಾರೆ, ಅಪ್ಪ ಬಿಎಡ್ ಮಾಡು ಅಂತಾರೆ. ಗೊತ್ತಿರೋರು ದಯವಿಟ್ಟು ಹೇಳಿ.

ದುರ್ಗದ_ಹುಡುಗ

ನೋಡಮ್ಮ, ಮೊದ್ಲು ಅರ್ಹತೆ ಅನ್ನೋ ಪ್ಯಾರಾ ಪೂರ್ತಿ ಓದು, ಸ್ಟೈಪೆಂಡ್ ಆಮೇಲೆ ನೋಡೋಣ. ಒರೈಸ್ ಪೋಸ್ಟಿಂಗ್‌ಗಳು ಝಿಂಟೆಲೆಕ್ಟ್ ಅನ್ನೋ ಸೈಟ್‌ನಲ್ಲಿ ಬರ್ತವೆ, ಒಂದೊಂದಕ್ಕೆ ಒಂದೊಂದು ಷರತ್ತು ಇರ್ತದೆ. ಎಷ್ಟೋ ಪೋಸ್ಟಿಂಗ್ ಅಲ್ಲಿನ ನಾಗರಿಕರಿಗೆ ಮಾತ್ರ. ಎಫ್‌ಡಿಎ (ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ) ಲ್ಯಾಬ್‌ದಾದ್ರೆ ಹೊರದೇಶದೋರಿಗೂ ಕೆಲವು ತೆರೆದಿರ್ತವೆ, ಆದ್ರೆ ಹಿಂದಿನ ಐದು ವರ್ಷದಲ್ಲಿ ಮೂರು ವರ್ಷ ಅಮೆರಿಕದಲ್ಲೇ ಇದ್ದಿರ್ಬೇಕು ಅಂತ ಕೇಳ್ತಾರೆ. ಅಂದ್ರೆ ದಾವಣಗೆರೆಯಿಂದ ನೇರವಾಗಿ ಹಾಕಿ ಹೋಗೋದು ಆಗೋ ಮಾತಲ್ಲ. ಅಲ್ಲೇ ಎಂಎಸ್ ಇಲ್ಲಾ ಪಿಎಚ್‌ಡಿ ಮಾಡ್ತಾ ಇರೋರಿಗೆ ಆ ದಾರಿ.

ಇನ್ನೊಂದು, ಈ ಪೋಸ್ಟಿಂಗ್ ತೋರಿಸಿ 'ನಾವು ಹಾಕಿಸ್ಕೊಡ್ತೀವಿ, ಪ್ರೊಸೆಸಿಂಗ್ ಫೀಸ್ ಕಟ್ಟಿ' ಅಂತ ಯಾರಾದ್ರೂ ಫೋನ್ ಮಾಡಿದ್ರೆ ಒಂದು ರೂಪಾಯಿನೂ ಕೊಡ್ಬೇಡ. ನಮ್ಮ ಬ್ಯಾಚ್‌ನೋನೊಬ್ಬ ಹಿಂಗೇ ಒಂದು ಏಜೆನ್ಸಿಗೆ ದುಡ್ಡು ಕಟ್ಟಿದ, ವಾಪಸ್ ಬರ್ಲೇ ಇಲ್ಲ, ಅವರಪ್ಪ ಸಾಲ ಮಾಡಿ ಕೊಟ್ಟಿದ್ದು. ನಿಜವಾದ ಫೆಲೋಶಿಪ್‌ನೋರು ನಮಗೆ ದುಡ್ಡು ಕೊಡ್ತಾರೆ, ನಮ್ಮತ್ರ ಇಸ್ಕೊಳ್ಳಲ್ಲ.

ಸುಮಕ್ಕ_ವೈರಾಲಜಿ

ತಂಗಿ, ನಾನೂ ನಿಮ್ಮ ಕಡೇಳೆ, ಹರಿಹರ. ಈಗ ಪುಣೆಲಿ ವೈರಸ್ ಲ್ಯಾಬ್‌ನಲ್ಲಿದೀನಿ. ಕೆಲಸ ಏನು ಅಂತ ಕೇಳಿದ್ಯಲ್ಲ, ಅದನ್ನೇ ಸ್ವಲ್ಪ ಉದ್ದ ಹೇಳ್ತೀನಿ, ಯಾಕಂದ್ರೆ ಅದು ಗೊತ್ತಾದ್ರೆ ನಿಂಗೆ ಇದು ಬೇಕಾ ಬೇಡ್ವಾ ಅಂತ ನೀನೇ ಹೇಳ್ಬಹುದು.

ಫ್ಲೂ ವೈರಸ್ ಮೈಮೇಲಿನ ಪ್ರೋಟೀನು ಬದಲಾಗ್ತಾನೇ ಇರುತ್ತೆ, ಅದಕ್ಕೆ ಡಬ್ಲ್ಯುಎಚ್‌ಒ ವರ್ಷಕ್ಕೆ ಎರಡು ಸಲ, ಉತ್ತರ ಗೋಳಾರ್ಧಕ್ಕೆ ಫೆಬ್ರವರಿಲಿ, ದಕ್ಷಿಣಕ್ಕೆ ಸೆಪ್ಟೆಂಬರ್‌ನಲ್ಲಿ, ಲಸಿಕೆಗೆ ಯಾವ ಸ್ಟ್ರೇನ್, ಅಂದ್ರೆ ವೈರಸ್‌ನ ಯಾವ ತಳಿ, ಹಾಕ್ಬೇಕು ಅಂತ ಹೇಳುತ್ತೆ. ಸ್ಟ್ರೇನ್ ಬದಲಾಯ್ತು ಅಂದ್ರೆ ಅದನ್ನ ಅಳೆಯೋ ಸಾಮಾನೂ ಹೊಸದಾಗಿ ಮಾಡ್ಬೇಕು. ಅಳೆಯೋದು ಮುಖ್ಯವಾಗಿ ಎರಡು.

ಒಂದು, ಬಾಟಲಲ್ಲಿ ಲಸಿಕೆ ಸರಿಯಾದ ಪ್ರಮಾಣದಲ್ಲಿ ಇದೆಯಾ ಅಂತ. ಸಾಮಾನ್ಯ ಡೋಸ್‌ನಲ್ಲಿ ಒಂದೊಂದು ಸ್ಟ್ರೇನಿನ ಹಿಮಗ್ಲುಟಿನಿನ್, ಅಂದ್ರೆ ಆಗ್ಲೇ ಹೇಳಿದ ಆ ಮೈಮೇಲಿನ ಪ್ರೋಟೀನು, 15 ಮೈಕ್ರೋಗ್ರಾಂ ಇರ್ಬೇಕು. ಅದಕ್ಕೆ ಎಸ್‌ಆರ್‌ಐಡಿ ಅಂತ ಟೆಸ್ಟು, ಕುರಿ ಆಂಟಿಸೀರಂ (ಆ ಪ್ರೋಟೀನಿಗೆ ಆಂಟಿಬಾಡಿ ಇರೋ ಕುರಿ ಸೀರಂ) ಬೆರೆಸಿದ ಅಗರೋಸ್ ಜೆಲ್‌ನಲ್ಲಿ ಗುಂಡಿ ಮಾಡಿ ಲಸಿಕೆ ಹಾಕಿ ಬಿಡ್ತಾರೆ, ಸುತ್ತ ಉಂಗುರ ಮೂಡುತ್ತೆ, ಬಣ್ಣ ಹಾಕಿ ಅದರ ಅಗಲ ಅಳೆದು ರೆಫರೆನ್ಸ್ ಜೊತೆ ಹೋಲಿಸೋದು. ಹೊಸ ಸ್ಟ್ರೇನ್‌ಗೆ ಆ ಕುರಿ ಆಂಟಿಸೀರಂ ತಯಾರಾಗೋಕೇ ವಾರಗಟ್ಲೆ ಹಿಡಿಯುತ್ತೆ, ಎಫ್‌ಡಿಎ ಲ್ಯಾಬ್ ಥರದವು ಮಾಡೋ ದೊಡ್ಡ ಕೆಲಸದಲ್ಲಿ ಅದೂ ಒಂದು.

ಇನ್ನೊಂದು, ಲಸಿಕೆ ತಗೊಂಡೋರ ಮೈಯಲ್ಲಿ ಆಂಟಿಬಾಡಿ ಬಂತಾ ಅಂತ. ಇದಕ್ಕೆ ಎಚ್‌ಐ ಟೆಸ್ಟು, ವೈರಸ್ ರಕ್ತಕಣ ಅಂಟಿಸೋದನ್ನ ಆಂಟಿಬಾಡಿ ತಡೆಯುತ್ತಾ ಅಂತ ನೋಡೋದು. 1941ರಲ್ಲಿ ಹರ್ಸ್ಟ್ ಅನ್ನೋರು ಫ್ಲೂ ವೈರಸ್ ಕೋಳಿ ರಕ್ತಕಣಗಳನ್ನ ಒಂದಕ್ಕೊಂದು ಅಂಟಿಸುತ್ತೆ ಅಂತ ಕಂಡುಹಿಡಿದದ್ದೇ ಇದಕ್ಕೆ ಬುನಾದಿ. ಸೀರಂಗೆ ಮೊದ್ಲು ಆರ್‌ಡಿಇ ಎಂಜೈಮ್ ಹಾಕಿ ರಾತ್ರಿಯೆಲ್ಲ 37 ಡಿಗ್ರಿಲಿ ಇಟ್ಟು, ಆಮೇಲೆ 56 ಡಿಗ್ರಿಲಿ ಅರ್ಧ ಗಂಟೆ, ಇಲ್ಲಾಂದ್ರೆ ಸೀರಂನಲ್ಲಿರೋ ಬೇರೆ ಪದಾರ್ಥಗಳೇ ವೈರಸ್‌ನ ತಡೆದು ಸುಳ್ಳು ರಿಸಲ್ಟ್ ಕೊಡ್ತವೆ. ಆಮೇಲೆ 96 ಗುಂಡಿ ಪ್ಲೇಟ್‌ನಲ್ಲಿ 1:10, 1:20, 1:40 ಹಿಂಗೆ ಡೈಲ್ಯೂಟ್ ಮಾಡ್ತಾ ಹೋಗಿ, ವೈರಸ್ ಹಾಕಿ, ಕೊನೆಗೆ ಕೋಳಿ ಇಲ್ಲಾ ಟರ್ಕಿ ಕೋಳಿ ರಕ್ತಕಣ ಹಾಕಿ ಕಾಯೋದು. ಪ್ಲೇಟ್‌ನ ಓರೆ ಮಾಡಿ ಹಿಡಿದಾಗ ಆಂಟಿಬಾಡಿ ಇರೋ ಗುಂಡೀಲಿ ತಳದ ಕೆಂಪು ಚುಕ್ಕೆ ಸಣ್ಣಗೆ ಗೆರೆ ಎಳ್ಕೊಂಡು ಕೆಳಗೆ ಹರಿಯುತ್ತೆ, ಇಲ್ಲದ ಗುಂಡೀಲಿ ಕಣಗಳು ಹರಡ್ಕೊಂಡು ಅಲ್ಲೇ ಇರ್ತವೆ. ಕೊನೇಲಿ ಹರಿದ ಗುಂಡಿ ಯಾವುದೋ ಅದರ ಡೈಲ್ಯೂಷನ್ನೇ ಟೈಟರ್, 1:40 ಆದ್ರೆ 40. ದೊಡ್ಡೋರಲ್ಲಿ 40 ಟೈಟರ್ ಅಂದ್ರೆ ಸುಮಾರು ಅರ್ಧದಷ್ಟು ರಕ್ಷಣೆ ಅಂತ ಲೆಕ್ಕ ಹಾಕ್ತಾರೆ. ಅಂಚಿನ ಗುಂಡಿ ಹರೀತಾ, ಇಲ್ವಾ ಅಂತ ಇಬ್ರು ಕೂತು ಓದ್ತೀವಿ, ಅವಸರ ಮಾಡಂಗಿಲ್ಲ. ಈ ತಾಳ್ಮೆ ಇದ್ರೆ ಈ ಕೆಲಸದಷ್ಟು ಖುಷಿ ಬೇರೆ ಇಲ್ಲ ಕಣೆ.

ಅಮ್ಮಂಗೆ ಹೇಳು, ಸೀಸನಲ್ ಫ್ಲೂ ಕೆಲಸ ಬಿಎಸ್‌ಎಲ್-2 (ಎರಡನೇ ಹಂತದ ಸುರಕ್ಷತೆಯ) ಲ್ಯಾಬ್‌ನಲ್ಲಿ ನಡೆಯುತ್ತೆ, ಕ್ಯಾಬಿನೆಟ್ ಒಳಗೆ ಕೈ ಹಾಕಿ, ಗ್ಲೌಸ್ ಕೋಟ್ ಹಾಕ್ಕೊಂಡು. ನಾವೂ ಫ್ಲೂ ಲಸಿಕೆ ತಗೊಂಡಿರ್ತೀವಿ. ತೀವ್ರವಾದ ಹಕ್ಕಿಜ್ವರದ ವೈರಸ್‌ಗೆ ಬೇರೆ, ಇನ್ನೂ ಬಿಗಿ ಲ್ಯಾಬ್ ಇರುತ್ತೆ, ಹೊಸಬ್ರನ್ನ ಅಲ್ಲಿಗೆ ಬಿಡಲ್ಲ.

ಮೇಷ್ಟ್ರು_ಚಳ್ಳಕೆರೆ

ಸುಮಾ ಅವರು ಚೆನ್ನಾಗಿ ಹೇಳಿದ್ರು. ನಮ್ಮ ದೇಶದ ದಾರಿ ನಾನು ಹೇಳ್ತೀನಮ್ಮ. ಸಿಎಸ್‌ಐಆರ್-ಯುಜಿಸಿ ನೆಟ್ ಲೈಫ್ ಸೈನ್ಸಸ್, ಡಿಬಿಟಿಯ ಬೆಟ್ ಪರೀಕ್ಷೆ, ಐಸಿಎಂಆರ್ ಜೆಆರ್‌ಎಫ್ (ಸಂಶೋಧನೆಗೆ ಬರೋರಿಗೆ ಕೊಡೋ ಫೆಲೋಶಿಪ್), ಈ ಮೂರಕ್ಕೂ ಒಂದೇ ಓದು ಬಹಳಷ್ಟು ಸಾಲುತ್ತೆ. ಜೆಆರ್‌ಎಫ್ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಅದರ ಮೇಲೆ ಮನೆ ಬಾಡಿಗೆ ಭತ್ಯೆ. ಅಪ್ಪಂಗೆ ಈ ಸಂಖ್ಯೆ ತೋರಿಸು, ಸ್ವಲ್ಪ ಮೆತ್ತಗಾಗ್ತಾರೆ. ಪುಣೆಯ ಎನ್‌ಐವಿಯಲ್ಲಿ (ರಾಷ್ಟ್ರೀಯ ವೈರಾಣು ಸಂಸ್ಥೆ) ಪ್ರಾಜೆಕ್ಟ್ ಹುದ್ದೆಗೂ ನೋಟಿಸ್ ಬರ್ತಾ ಇರುತ್ತೆ, ಬೆಂಗಳೂರಲ್ಲೂ ಅವರ ಘಟಕ ಐತೆ. 1957ರಲ್ಲಿ ನಮ್ಮ ಶಿವಮೊಗ್ಗದ ಕ್ಯಾಸನೂರು ಕಾಡಿನ ಮಂಗನ ಕಾಯಿಲೆ ವೈರಸ್ ಗುರುತಿಸಿದ್ದು ಇದೇ ಪುಣೆ ಸಂಸ್ಥೆ, ಆಗ ಅದರ ಹೆಸರು ವೈರಸ್ ರಿಸರ್ಚ್ ಸೆಂಟರ್. ಲಸಿಕೆ ಬ್ಯಾಚ್ ಪರೀಕ್ಷೆನೇ ಬೇಕು ಅಂದ್ರೆ ಹಿಮಾಚಲದ ಕಸೌಲಿಯಲ್ಲಿ ಸೆಂಟ್ರಲ್ ಡ್ರಗ್ಸ್ ಲ್ಯಾಬೊರೇಟರಿ ಐತೆ.

ಬಿಎಡ್ ಕೆಟ್ಟದ್ದಲ್ಲ, ನಾನೇ ಮೇಷ್ಟ್ರು. ಆದ್ರೆ ಅದನ್ನ ಇನ್ನೆರಡು ವರ್ಷ ಬಿಟ್ಟೂ ಮಾಡ್ಬಹುದು, ಲ್ಯಾಬ್ ಕೈ ಪಳಗಬೇಕಾದ ವಯಸ್ಸು ಇದು.

ತೋಳಹುಣಸೆ_ಮೈಕ್ರೋ

ಅಣ್ಣ, ಅಕ್ಕ, ಸರ್, ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪೋಸ್ಟಿಂಗ್ ಮತ್ತೆ ಓದಿದೆ, ಅಣ್ಣ ಹೇಳಿದ ಮೂರು ವರ್ಷದ ಷರತ್ತು ಕೆಳಗೆ ಇತ್ತು. ಬೇಜಾರಾಯ್ತು, ಆದ್ರೆ ಅಕ್ಕ ಬರೆದದ್ದು ಓದಿ ಈ ಕೆಲಸನೇ ಬೇಕು ಅಂತ ಗಟ್ಟಿಯಾಯ್ತು. ನೆಟ್‌ಗೆ ಓದ್ತಾ ಇರೋವಾಗ ಎಚ್‌ಐ ಇಲ್ಲೇ ಕೈಯಾರೆ ಮಾಡಿ ನೋಡೋಕೆ ಏನಾದ್ರೂ ದಾರಿ ಇದೆಯಾ ಅಕ್ಕ? ಫ್ಲೂ ವೈರಸ್ ಅಂತೂ ನಮ್ಮ ಡಿಪಾರ್ಟ್‌ಮೆಂಟ್‌ನಲ್ಲಿ ಇಲ್ಲ.

ಸುಮಕ್ಕ_ವೈರಾಲಜಿ

ಇದೆ. ಕೋಳಿಗಳ ಕೊಕ್ಕರೆ ರೋಗ, ರಾಣಿಖೇತ್ ಅಂತಾರಲ್ಲ, ಅದರ ವೈರಸ್ಸೂ ಕೋಳಿ ರಕ್ತಕಣನ ಹಂಗೇ ಅಂಟಿಸುತ್ತೆ. ಅದರ ಲಸೋಟಾ ಲಸಿಕೆ ಕೋಳಿ ಸಾಕೋರು ತಗೊಳ್ಳೋ ಪಶು ಔಷಧಿ ಅಂಗಡೀಲೇ ಸಿಗುತ್ತೆ, ವೆಟರ್ನರಿ ಕಾಲೇಜಲ್ಲಿ ಹುಡುಗ್ರು ಎಚ್‌ಎ (ವೈರಸ್ ರಕ್ತಕಣ ಅಂಟಿಸೋದನ್ನ ಅಳೆಯೋ ಟೆಸ್ಟು), ಎಚ್‌ಐ ಕಲಿಯೋದು ಈ ವೈರಸ್ ಮೇಲೇ. ಅದು ಜೀವಂತ ಲಸಿಕೆ, ಕಣ್ಣಿಗೆ ಸಿಡಿದ್ರೆ ಕಣ್ಣು ಕೆಂಪಾಗಿ ಉರಿ ಬರುತ್ತೆ, ಅದಕ್ಕೆ ಮನೇಲಿ ಬೇಡವೇ ಬೇಡ, ಗೈಡ್ ಅನುಮತಿ ತಗೊಂಡು ಡಿಪಾರ್ಟ್‌ಮೆಂಟ್ ಕ್ಯಾಬಿನೆಟ್‌ನಲ್ಲೇ, ಕನ್ನಡಕ ಗ್ಲೌಸ್ ಹಾಕ್ಕೊಂಡು ಮಾಡು. ಕೋಳಿ ರಕ್ತನ ಹೆಪ್ಪುಗಟ್ಟದಂಗೆ ಆಲ್ಸೀವರ್ ದ್ರಾವಣದಲ್ಲಿ ಹಿಡಿದು, ಪಿಬಿಎಸ್ ಅನ್ನೋ ಉಪ್ಪಿನ ಬಫರ್‌ನಲ್ಲಿ ಮೂರು ಸಲ ತೊಳೆದು, ರಕ್ತಕಣ ಒಂದು ಪರ್ಸೆಂಟ್ ಇರೋ ಹಂಗೆ ಮಾಡ್ಕೋ. ಮೊದ್ಲು ಎಚ್‌ಎ ಟೈಟರ್ ಸರಿ ಬರ್ಲಿ, ಎಚ್‌ಐ ಆಮೇಲೆ. ವೈರಸ್ ಇಲ್ಲದ ಬರೀ ರಕ್ತಕಣದ ಕಂಟ್ರೋಲ್ ಸಾಲು ಬಿಡಬೇಡ. ಪ್ಲೇಟ್ ಫೋಟೋ ಇಲ್ಲೇ ಹಾಕು, ಓದೋಣ.