ಕೈರೋಪ್ರಾಕ್ಟಿಕ್ ಕಲಿಯಲು ಕಾಲೇಜು ಆರಿಸುವಾಗ ಏನು ನೋಡಬೇಕು?

ಕರಾವಳಿ_ಫಿಸಿಯೋ:
ಬಿಪಿಟಿ (ಫಿಸಿಯೋಥೆರಪಿ ಪದವಿ) ಮುಗಿದಿದೆ. ಬೆಂಗಳೂರಿನಲ್ಲಿ ಮೂರು ವಾರಾಂತ್ಯದ ಕೈರೋಪ್ರಾಕ್ಟಿಕ್ (ಬೆನ್ನೆಲುಬು, ಕೀಲುಗಳನ್ನು ಕೈಯಿಂದ ಒತ್ತಿ, ತಿರುವಿ ಮಾಡುವ ಚಿಕಿತ್ಸೆ) ಕೋರ್ಸ್ ಇದೆ, ಸರ್ಟಿಫಿಕೇಟ್ ಕೊಡ್ತಾರಂತೆ. ಅದು ಸಾಕಾ, ಇಲ್ಲ ಅಮೆರಿಕದ ಡಿಸಿ (ಡಾಕ್ಟರ್ ಆಫ್ ಕೈರೋಪ್ರಾಕ್ಟಿಕ್) ಪದವಿಗೇ ಹೋಗಬೇಕಾ? ತಿಳಿದವರು ಹೇಳಿ.

ಬೆನ್ನೆಲುಬು:
ವಾರಾಂತ್ಯದ ಕೋರ್ಸ್ ಮಾಡಿ ಕೈರೋಪ್ರಾಕ್ಟರ್ ಆಗೋಕಾಗಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2005ರ ಮಾರ್ಗಸೂಚಿ ಪ್ರಕಾರ ಪೂರ್ಣ ತರಬೇತಿಗೆ ಕನಿಷ್ಠ 4,200 ಗಂಟೆ ಬೇಕು. ಆರೋಗ್ಯ ಕ್ಷೇತ್ರದ ಪದವಿ ಇದ್ದವರಿಗೂ 2,200. ಎರಡರಲ್ಲೂ 1,000 ಗಂಟೆ ಹಿರಿಯರ ಮೇಲ್ವಿಚಾರಣೆಯಲ್ಲಿ ರೋಗಿಗಳನ್ನು ನೋಡಿರಬೇಕು. ಕುತ್ತಿಗೆಯನ್ನು ಲಟ್ ಅನ್ನಿಸೋದು ಮೂರು ವಾರಾಂತ್ಯದಲ್ಲಿ ಬಂದೀತು, ಯಾರ ಕುತ್ತಿಗೆ ಮುಟ್ಟಬಾರದು ಅನ್ನೋದು ಬರಲ್ಲ. ಹಿಂದೆಂದೂ ಇಲ್ಲದ ಕುತ್ತಿಗೆನೋವು, ತಲೆನೋವು ದಿಢೀರನೆ ಶುರುವಾಗಿ, ಜೊತೆಗೆ ತಲೆಸುತ್ತು, ಒಂದು ಎರಡಾಗಿ ಕಾಣೋದು, ಮಾತು ತೊದಲೋದು ಇದ್ದರೆ ಕುತ್ತಿಗೆಯ ರಕ್ತನಾಳದ ಒಳಪದರ ಸೀಳಿರಬಹುದು. ಅಂಥವರ ಕುತ್ತಿಗೆ ತಿರುವಿದರೆ ಪಾರ್ಶ್ವವಾಯುವಿನ ಅಪಾಯವಿದೆ. ತಕ್ಷಣ ಆಸ್ಪತ್ರೆಗೆ ಕಳಿಸಬೇಕು.

ಡಾವೆನ್‌ಪೋರ್ಟ್_ಕನ್ನಡಿಗ:
ಡಿಸಿಗೆ ಹೋಗೋದಾದರೆ ಕಾಲೇಜಿಗೆ ಸಿಸಿಇ (ಅಲ್ಲಿನ ಕೈರೋಪ್ರಾಕ್ಟಿಕ್ ಕೋರ್ಸ್‌ಗಳಿಗೆ ಮಾನ್ಯತೆ ಕೊಡುವ ಮಂಡಳಿ) ಮಾನ್ಯತೆ ಈಗಲೂ ಇದೆಯಾ ಅಂತ ಮೊದಲು ನೋಡಿ. ಕೊಟ್ಟ ಮಾನ್ಯತೆ ಹೋಗಲೂಬಹುದು: ಜಾರ್ಜಿಯಾದ ಲೈಫ್ ಯೂನಿವರ್ಸಿಟಿಗೆ 2002ರಲ್ಲಿ ಹಾಗಾಗಿತ್ತು, ಆಮೇಲೆ ಮರಳಿ ಸಿಕ್ಕಿತು.

ಎರಡನೆಯದು ಫಲಿತಾಂಶ. ಎನ್‌ಬಿಸಿಇ (ಕೈರೋಪ್ರಾಕ್ಟರ್‌ಗಳ ರಾಷ್ಟ್ರೀಯ ಪರೀಕ್ಷಾ ಮಂಡಳಿ) ಪರೀಕ್ಷೆಯ ನಾಲ್ಕೂ ಭಾಗ ಎಷ್ಟು ಜನ ಪಾಸಾದರು ಅನ್ನೋದನ್ನ ಪ್ರತಿ ಕಾಲೇಜೂ ತನ್ನ ಸೈಟಿನಲ್ಲಿ ಹಾಕಲೇಬೇಕು. ನಾಲ್ಕು ವರ್ಷದ ಸರಾಸರಿ 80%ಕ್ಕಿಂತ ಇಳಿಯಬಾರದು ಅನ್ನೋದು ಸಿಸಿಇ ನಿಯಮ. ಆದರೆ ಅದೊಂದನ್ನೇ ನಂಬಬೇಡಿ, ಪಕ್ಕದಲ್ಲೇ ಕೋರ್ಸ್ ಮುಗಿಸಿದವರ ಪ್ರಮಾಣವನ್ನೂ ಓದಿ. ಅರ್ಧದಲ್ಲೇ ಬಿಟ್ಟವರು ಪರೀಕ್ಷೆಯ ಲೆಕ್ಕಕ್ಕೇ ಬರಲ್ಲ.

ಕ್ಲಿನಿಕ್ ಬಗ್ಗೆ ಅಲ್ಲಿನ ಕೊನೆಯ ವರ್ಷದವರನ್ನೇ ಕೇಳಿ: ಬರುವ ರೋಗಿಗಳು ಯಾರು? ಸಹಪಾಠಿಗಳು, ಅವರ ನೆಂಟರೇ ಆದರೆ ನೀವು ನೋಡೋದು ಬರೀ ಗಟ್ಟಿಮುಟ್ಟಾದ ಬೆನ್ನುಗಳನ್ನು. ನಿವೃತ್ತ ಸೈನಿಕರ ವಿಎ ಆಸ್ಪತ್ರೆಗಳಲ್ಲಿ ತರಬೇತಿ ಸಿಗುವ ಕಾಲೇಜಿಗೆ ನನ್ನ ಮೊದಲ ಮತ. ಅಲ್ಲಿ ಸಕ್ಕರೆ ಕಾಯಿಲೆ, ಹಳೆಯ ಶಸ್ತ್ರಚಿಕಿತ್ಸೆ ಎಲ್ಲ ಸೇರಿಕೊಂಡ ನಿಜವಾದ ಬೆನ್ನುನೋವು ಬರುತ್ತೆ.

ಪ್ರವೇಶಕ್ಕೆ 90 ಸೆಮಿಸ್ಟರ್ ಕ್ರೆಡಿಟ್ ಬೇಕು, ಅದರಲ್ಲಿ 24 ವಿಜ್ಞಾನದ್ದು. ನಿಮ್ಮ ಬಿಪಿಟಿ ಅದಕ್ಕೆ ಸಾಕಾಗುತ್ತಾ ಅಂತ ತಿಳಿಯಲು ಅಂಕಪಟ್ಟಿಯನ್ನು ವಿಷಯವಾರು ಮೌಲ್ಯಮಾಪನ ಮಾಡಿಸಿ.

ಮ್ಯಾನುಯಲ್_ಥೆರಪಿ:
ಎಲ್ಲಿ ಕೆಲಸ ಮಾಡ್ತೀರಿ ಅನ್ನೋದನ್ನ ಮೊದಲು ತೀರ್ಮಾನಿಸಿ. ಬ್ರಿಟನ್‌ನಲ್ಲಿ 1994ರ ಕಾಯ್ದೆ ಪ್ರಕಾರ ಜಿಸಿಸಿ (ಅಲ್ಲಿನ ಕೈರೋಪ್ರಾಕ್ಟಿಕ್ ಕೌನ್ಸಿಲ್) ನೋಂದಣಿ ಇಲ್ಲದೆ ಕೈರೋಪ್ರಾಕ್ಟರ್ ಅಂತ ಹೇಳಿಕೊಳ್ಳುವುದೇ ಅಪರಾಧ. ಅಲ್ಲಿ ನೆಲೆಸೋದಾದರೆ ಜಿಸಿಸಿ ಒಪ್ಪಿದ ಕಾಲೇಜನ್ನೇ ಹಿಡಿಯಿರಿ. ಭಾರತದಲ್ಲಿ ಈ ವೃತ್ತಿಗೆ ಪ್ರತ್ಯೇಕ ಶಾಸನಬದ್ಧ ಕೌನ್ಸಿಲ್ ಇಲ್ಲ. ಊರಿಗೆ ಮರಳಿ ಕ್ಲಿನಿಕ್ ಇಡುವ ಯೋಚನೆಯಿದ್ದರೆ ನಿಮ್ಮ ಕೈ ಹಿಡಿಯೋದು ಬಿಪಿಟಿಯೇ. ಅದರ ಮೇಲೆ ಮಸ್ಕ್ಯುಲೋಸ್ಕೆಲಿಟಲ್ (ಸ್ನಾಯು, ಮೂಳೆ, ಕೀಲುಗಳ) ಎಂಪಿಟಿ, ಅಂದರೆ ಫಿಸಿಯೋಥೆರಪಿ ಸ್ನಾತಕೋತ್ತರ ಪದವಿ ಮಾಡೋದು ವಾಸಿ.