ನಳದ ನೀರಿನ ಟೈಮ್ ಹೇಳೋ ಆ್ಯಪ್: ಒಂಬತ್ತನೇ ಕ್ಲಾಸಿನ ಹುಡುಗಿಯರಿಗೆ ಎಲ್ಲಿಂದ ಶುರು ಮಾಡಿಸಲಿ?

ಗುಳೇದಗುಡ್ಡದ ಅಕ್ಕೋರು:

ಎಲ್ಲರಿಗೂ ನಮಸ್ಕಾರ. ನಾನು ಬಾಗಲಕೋಟೆ ಜಿಲ್ಲೆ ಗುಳೇದಗುಡ್ಡದಲ್ಲಿ ಹೈಸ್ಕೂಲ್ ಟೀಚರ್. ಗಣಿತ ಕಲಿಸುತ್ತೇನೆ. ನಮ್ಮ ಒಂಬತ್ತನೇ ಕ್ಲಾಸಿನ ಐದು ಹುಡುಗಿಯರು ಟೆಕ್ನೋವೇಶನ್ ಗರ್ಲ್ಸ್ ಸ್ಪರ್ಧೆಗೆ ಹೋಗಬೇಕು ಅಂತ ಹಟ ಹಿಡಿದಿದ್ದಾರೆ. ಊರಿನ ಒಂದು ಸಮಸ್ಯೆ ಹಿಡಿದು ಅದಕ್ಕೆ ಮೊಬೈಲ್ ಆ್ಯಪ್ ಮಾಡಬೇಕು. 8ರಿಂದ 18 ವರ್ಷದ ಹುಡುಗಿಯರಿಗೆ ಮಾತ್ರ, ಫೀಸ್ ಇಲ್ಲ, ಒಂದು ತಂಡದಲ್ಲಿ ಐದು ಜನರ ತನಕ ಇರಬಹುದು. ಇಷ್ಟು ನನಗೆ ಗೊತ್ತಾಗಿದೆ.

ಅವರ ಹತ್ತಿರ ಎರಡು ಐಡಿಯಾ ಇವೆ. ಒಂದು, ಖಣ (ನಮ್ಮೂರಲ್ಲಿ ನೇಯೋ ಕುಪ್ಪಸದ ಬಟ್ಟೆ) ಮಾರೋ ಆ್ಯಪ್. ಮೂವರ ಮನೆಯಲ್ಲಿ ಮಗ್ಗ ಇದೆ, ಹಾಗಾಗಿ ಆ ಆಸೆ ಸಹಜ. ಇನ್ನೊಂದು, ನಳಕ್ಕೆ ನೀರು ಯಾವಾಗ ಬರುತ್ತೆ ಅಂತ ಮೊದಲೇ ಹೇಳೋ ಆ್ಯಪ್.

ನನ್ನ ಮನಸ್ಸು ಎರಡನೆಯದರ ಕಡೆ ಇದೆ. ಕಾರಣ ಹಾಜರಿ ಪುಸ್ತಕ. ನೀರು ಬರೋ ದಿನ ಒಂದೇ ಓಣಿಯ ಹುಡುಗಿಯರು ಒಟ್ಟಿಗೆ ತಡವಾಗಿ ಬರುತ್ತಾರೆ, ಇಲ್ಲವೇ ಬರೋದೇ ಇಲ್ಲ. ಅಣ್ಣ ತಮ್ಮಂದಿರು ಮಾತ್ರ ಗಂಟೆ ಹೊಡೆಯೋ ಹೊತ್ತಿಗೆ ಹಾಜರ್. ಒಬ್ಬಳು ಹೇಳಿದಳು: ಅವ್ವ ಮಗ್ಗದ ಮೇಲೆ ಕೂತರೆ ಆ ಸಪ್ಪಳದಲ್ಲಿ ನೀರು ಬಂದದ್ದು ಕೇಳಿಸೋದಿಲ್ಲ. ಅದಕ್ಕೆ ನಳ ತಿರುಗಿಸಿಟ್ಟು, ಕೆಳಗೆ ಖಾಲಿ ಸ್ಟೀಲ್ ಕೊಡ ಇಟ್ಟು, ಇವಳು ಬಾಗಿಲ ಹತ್ತಿರ ಕೂರುತ್ತಾಳೆ. ಮೊದಲು ಬುಸ್ ಅಂತ ಗಾಳಿ ಬರುತ್ತೆ, ಆಮೇಲೆ ಕೊಡದ ತಳಕ್ಕೆ ನೀರು ಬೀಳೋ ಸದ್ದು. ಆಗ ಎದ್ದು ಓಡಬೇಕು. ಬೆಳಗಿನ ಓದೆಲ್ಲ ಈ ಕಾಯೋದರಲ್ಲೇ ಹೋಗುತ್ತೆ.

ಶಾಲೆಯಲ್ಲಿ ಸರಿಯಾಗಿ ನಡೆಯೋ ಕಂಪ್ಯೂಟರ್ ಕಮ್ಮಿ. ನನಗೆ ಕೋಡಿಂಗ್ ಬರಲ್ಲ. ಎಲ್ಲಿಂದ ಶುರು ಮಾಡಿಸಲಿ? ಇನ್ನೊಂದು ಮಾತು: ಗಂಡುಹುಡುಗರೂ "ನಮಗೇನೂ ಇಲ್ವಾ ಟೀಚರ್" ಅಂತ ಮುಖ ಸಣ್ಣದು ಮಾಡಿಕೊಂಡಿದ್ದಾರೆ.

ಬೆಳಗಾವಿ_ಸಿಎಸ್:

ಮೇಡಂ, ನಾನು ಬೆಳಗಾವಿಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ಗಂಡುಹುಡುಗರ ಪ್ರಶ್ನೆಗೆ ಮೊದಲು ಉತ್ತರ: ಕೇಂದ್ರ ಸರ್ಕಾರದ ಇನ್‌ಸ್ಪೈರ್ ಮಾನಕ್ ಯೋಜನೆ ನೋಡಿ. ಶಾಲೆಯಿಂದಲೇ ಮಕ್ಕಳ ಐಡಿಯಾ ಕಳಿಸೋದು, ಆಯ್ಕೆಯಾದರೆ ಮಗುವಿನ ಖಾತೆಗೆ 10,000 ರೂಪಾಯಿ ಬರುತ್ತೆ.

ಕೋಡಿಂಗಿಗೆ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಆ್ಯಪ್ ಇನ್ವೆಂಟರ್ ಸಾಕು. ಬಣ್ಣದ ತುಂಡುಗಳನ್ನ ಎಳೆದು ಒಂದಕ್ಕೊಂದು ಜೋಡಿಸೋದು, ಟೈಪ್ ಮಾಡೋ ಕೆಲಸ ತೀರಾ ಕಡಿಮೆ. ಬ್ರೌಸರ್‌ನಲ್ಲೇ ನಡೆಯುತ್ತೆ, ಇಂಟರ್ನೆಟ್ ಬೇಕು ಅಷ್ಟೆ. ಮಾಡಿದ್ದನ್ನ ಆಗಲೇ ಆಂಡ್ರಾಯ್ಡ್ ಫೋನಿನಲ್ಲಿ ತೆರೆದು ನೋಡಬಹುದು. ಒಂದೇ ಕಂಪ್ಯೂಟರ್ ಇದ್ದರೂ ಸರದಿ ಹಾಕಿಕೊಂಡು ಮಾಡಿಸಿ. ಬಟನ್ ಮೇಲೆ ಕನ್ನಡ ಬರುತ್ತೆ. ಬರೆದದ್ದನ್ನ ಓದಿ ಹೇಳಿಸೋ ತುಂಡೂ ಇದೆ, ಫೋನಿನಲ್ಲಿ ಕನ್ನಡ ಧ್ವನಿ ಇದ್ದರೆ ಅದೂ ಆಗುತ್ತೆ.

ಕಾಲೇಜಿನವರಿಗೆ ಕೇಂದ್ರ ಸರ್ಕಾರ ನಡೆಸೋ ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್ ಅನ್ನೋ ಸ್ಪರ್ಧೆ 2017ರಲ್ಲಿ ಶುರುವಾಯ್ತು. ಅಲ್ಲಿ ಸಮಸ್ಯೆಗಳನ್ನ ಸಚಿವಾಲಯಗಳು, ಇಲಾಖೆಗಳು ಬರೆದು ಕೊಡುತ್ತವೆ, ನಾವು ಪಟ್ಟಿಯಿಂದ ಆರಿಸಿಕೊಳ್ಳುತ್ತೇವೆ. ಆರು ಜನರ ತಂಡ, ಅದರಲ್ಲಿ ಒಬ್ಬಳಾದರೂ ಹುಡುಗಿ ಇರಲೇಬೇಕು. ನಿಮ್ಮ ಹುಡುಗಿಯರು ಸಮಸ್ಯೆಯನ್ನ ತಾವೇ ಹಿಡಿದಿದ್ದಾರೆ. ಅದು ದೊಡ್ಡ ಮಾತು, ಬಿಡಬೇಡಿ.

ನವನಗರದವನು:

ಅಕ್ಕೋರೇ, ನೀರಿನದೇ ಮಾಡಿಸಿ. ಖಣದ ಆ್ಯಪಿಗೆ ಗಿರಾಕಿ, ಕೊರಿಯರ್, ಹಣ ವಾಪಸ್ ಎಲ್ಲ ಬೇಕು. ಒಂಬತ್ತನೇ ಕ್ಲಾಸಿನವರ ಕೈಗೆ ಅದು ಸಿಗೋದಿಲ್ಲ. ನೀರು ಅವರ ಓಣಿಯಲ್ಲೇ ಇದೆ.

ಆದರೆ ಕೋಡಿಂಗ್‌ನಿಂದ ಶುರು ಮಾಡಬೇಡಿ. ಈ ಕೆಲಸ ನಮ್ಮ ಕಡೆ ಒಮ್ಮೆ ನಡೆದಿದೆ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಹುಬ್ಬಳ್ಳಿ-ಧಾರವಾಡದಲ್ಲಿ ನೆಕ್ಸ್ಟ್‌ಡ್ರಾಪ್ ಅಂತ ಶುರು ಮಾಡಿದ್ದರು. ವಾಲ್ವ್‌ಮನ್ ನೀರು ಬಿಡೋವಾಗ ಫೋನ್ ಮಾಡಿ ತಿಳಿಸಬೇಕಿತ್ತು, ಆ ಭಾಗದ ಮನೆಗಳಿಗೆ ಎಸ್ಎಂಎಸ್ ಹೋಗುತ್ತಿತ್ತು. ಸಾದಾ ಫೋನಿಗೂ ಬರುತ್ತಿತ್ತು, ಅದು ಅದರ ಗಟ್ಟಿತನ. ಮುಂದೆ ಬೆಂಗಳೂರಿಗೂ ಹೋಯ್ತು. ಅಲ್ಲಿ ಸಂಶೋಧಕರು ಮನೆಮನೆ ವಿಚಾರಿಸಿ ನೋಡಿದಾಗ, ಜನರಿಗೆ ಅಂದುಕೊಂಡಷ್ಟು ಉಪಯೋಗ ಆಗಿರಲಿಲ್ಲ. ತಂತ್ರಜ್ಞಾನ ಕೈಕೊಟ್ಟಿದ್ದಲ್ಲ. ವಾಲ್ವ್‌ಮನ್‌ಗಳಿಂದ ಸುದ್ದಿ ಪ್ರತಿ ಸಲ ಸರಿಯಾಗಿ ಬರುತ್ತಿರಲಿಲ್ಲ.

ಅಂದರೆ ಇಡೀ ಆ್ಯಪ್ ನಿಂತಿರೋದು ಬೀದಿಯಲ್ಲಿ ಮುಚ್ಚಳ ಎತ್ತಿ, ಉದ್ದನೆಯ ಕಬ್ಬಿಣದ ಕೀಲಿ ಇಳಿಸಿ ವಾಲ್ವ್ ತಿರುಗಿಸೋ ಆ ಮನುಷ್ಯನ ಮೇಲೆ. ಒಂದು ದಿನ ಹುಡುಗಿಯರು ಅವರ ಜೊತೆ ನಡೆಯಲಿ. ಯಾವ ಓಣಿ ಮೊದಲು, ಯಾವುದು ಕೊನೆ, ನಡುವೆ ಎಷ್ಟು ಹೊತ್ತು, ಎಲ್ಲ ವಹಿಯಲ್ಲಿ ಬರೆದುಕೊಳ್ಳಲಿ. ಅವರು ಒದ್ದೆ ಕೈಯಲ್ಲಿ ಫೋನ್ ತೆಗೆದು ಏನು ಒತ್ತೋಕೆ ಸಾಧ್ಯ ಅನ್ನೋದನ್ನ ಕಣ್ಣಾರೆ ನೋಡಲಿ. ಓಣಿಗೊಂದು ದೊಡ್ಡ ಬಟನ್, ಒಂದೇ ಸಲ ಒತ್ತೋದು. ಅದಕ್ಕಿಂತ ಜಾಸ್ತಿ ಕೇಳಿದರೆ ಅವರು ಮಾಡೋದಿಲ್ಲ, ಮಾಡಬೇಕು ಅನ್ನೋದೂ ನ್ಯಾಯ ಅಲ್ಲ.

ತೀರ್ಪುಗಾರರು "ಇದಕ್ಕೆ ವಾಟ್ಸ್ಆ್ಯಪ್ ಗ್ರೂಪ್ ಸಾಕಲ್ವಾ?" ಅಂತ ಕೇಳಿಯೇ ಕೇಳುತ್ತಾರೆ. ಉತ್ತರ ಇಟ್ಟುಕೊಳ್ಳಿ. ಗ್ರೂಪಿನಲ್ಲಿ ಗುಡ್ ಮಾರ್ನಿಂಗ್ ನಡುವೆ ನೀರಿನ ಸುದ್ದಿ ಮುಳುಗುತ್ತೆ. ಮಗ್ಗದ ಸಪ್ಪಳದಲ್ಲಿ ಮೆಸೇಜ್ ಟಿಣ್ ಅಂದದ್ದು ಕೇಳಿಸೋದೂ ಇಲ್ಲ. ಜೋರಾಗಿ ಕೂಗಿ ಹೇಳೋ ಫೋನ್ ಬೇಕು.

ವಾಲ್ವ್‌ಮನ್ ಮಗ:

ನಮ್ಮಪ್ಪ ವಿಜಯಪುರ ಜಿಲ್ಲೆಯ ಒಂದು ಊರಲ್ಲಿ ನೀರು ಬಿಡೋ ಕೆಲಸ ಮಾಡುತ್ತಾರೆ. ಮೇಲಿನವರು ಹೇಳಿದ್ದು ಪೂರಾ ಸರಿ, ಆದರೆ ಅಪ್ಪನ ಕಡೆಯಿಂದಲೂ ಒಂದಿಷ್ಟು ಹೇಳಬೇಕು.

ಟೈಮ್ ತಪ್ಪೋದು ಅವರ ಕೈಯಲ್ಲಿಲ್ಲ. ಕರೆಂಟ್ ಹೋದರೆ ಪಂಪ್ ನಿಂತಿತು. ಪಂಪ್ ನಿಂತರೆ ಟಾಕಿ ತುಂಬಲ್ಲ. ಟಾಕಿ ಅರ್ಧ ಇದ್ದಾಗ ಬಿಟ್ಟರೆ ಎತ್ತರದ ಓಣಿಗೆ ನೀರು ಏರೋದಿಲ್ಲ, ಅದಕ್ಕೆ ಕಾಯುತ್ತಾರೆ. ಎಲ್ಲೋ ಪೈಪ್ ಒಡೆದರೆ ಆ ದಿನದ ಸರದಿಯೇ ಹೋಯ್ತು. ಬೈಗುಳ ಮಾತ್ರ ಅವರಿಗೆ. ಊಟಕ್ಕೆ ಕೂತಾಗಲೂ ಫೋನ್: "ನಮ್ಮ ಓಣಿಗೆ ಯಾವಾಗ?"

ಹಾಗಾಗಿ ಆ್ಯಪ್ ಅಂದ ಕೂಡಲೇ ಅವರಿಗೆ ಅನ್ನಿಸೋದು, ಇದು ನನ್ನ ಮೇಲೆ ಕಂಪ್ಲೇಂಟ್ ಕೊಡೋಕೆ ಇನ್ನೊಂದು ದಾರಿ ಅಂತ. ನಿಮ್ಮ ಹುಡುಗಿಯರು ಅದರಲ್ಲಿ ಅವರ ಹೆಸರು, ನಂಬರ್ ತೋರಿಸಬಾರದು. "ಕರೆಂಟ್ ಇಲ್ಲ", "ಪೈಪ್ ಒಡೆದಿದೆ" ಅಂತ ಎರಡು ಬಟನ್ ಇರಲಿ. ತಡ ಯಾಕೆ ಅಂತ ಜನರಿಗೆ ಗೊತ್ತಾದರೆ ಅವರಿಗೆ ಬರೋ ಫೋನ್ ಕಡಿಮೆ ಆಗುತ್ತೆ. ಈ ಮಾತು ಮೊದಲು ಹೇಳಿದರೆ ನಮ್ಮಪ್ಪ ಒಪ್ಪುತ್ತಿದ್ದರು. ಅವರಿಂದ ಮಾಹಿತಿ ತಗೊಂಡರೆ ಸಾಲದು, ಅವರಿಗೂ ಏನಾದರೂ ಸಿಗಬೇಕು.

ಆಮೇಲೆ, ಅವರನ್ನ "ಕಾಕಾ" ಅಂತ ಕರೆದು, ಬೆಳಗಿನ ಪಾಳಿ ಮುಗಿದ ಮೇಲೆ ಮಾತಾಡಿಸಲಿ. ನೀರು ಬಿಡೋ ಹೊತ್ತಲ್ಲಿ ನಿಲ್ಲಿಸಿ ಪ್ರಶ್ನೆ ಕೇಳೋದು ಬೇಡ.

ಗುಳೇದಗುಡ್ಡದ ಅಕ್ಕೋರು:

ಎಲ್ಲವನ್ನೂ ಹುಡುಗಿಯರಿಗೆ ಓದಿ ಹೇಳಿದೆ. ಕರೆಂಟ್ ಮತ್ತು ಪೈಪಿನ ಬಟನ್ ವಿಷಯ ಕೇಳಿ ತುಂಬಾ ಹೊತ್ತು ಚರ್ಚೆ ಮಾಡಿದರು. ಅವರೇ ತೀರ್ಮಾನ ಮಾಡಿದ್ದು: ಆ್ಯಪಿನ ಮೊದಲ ಪರದೆ ಜನರಿಗಲ್ಲ, ಕಾಕಾಗೆ. ಅದನ್ನ ಅವರು ಒಪ್ಪಿದ ಮೇಲೆ ಉಳಿದದ್ದು.

ಕೀಪ್ಯಾಡ್ ಫೋನ್ ಇರೋ ಮನೆ ಎಷ್ಟಿವೆ ಅಂತ ಓಣಿ ತಿರುಗಿ ಬರೆದುಕೊಂಡು ಬರೋ ಕೆಲಸ ಇಬ್ಬರಿಗೆ ಕೊಟ್ಟಿದ್ದೇನೆ. ಅಂಥ ಮನೆಗೆ ಪಕ್ಕದ ಮನೆಯವರೇ ಕೂಗಿ ಹೇಳಬೇಕಾಗುತ್ತೋ, ಎಸ್ಎಂಎಸ್ ಕಳಿಸೋಕೆ ಬರುತ್ತೋ ನೋಡಬೇಕು. ಸ್ಪರ್ಧೆಗೆ ವಿಡಿಯೋ ಬೇರೆ ಮಾಡಿ ಕಳಿಸಬೇಕು. ಅದರಲ್ಲಿ ಮಗ್ಗದ ಸಪ್ಪಳ, ಕೊಡದ ಸದ್ದು ಎರಡೂ ಇರಲಿ ಅಂತ ಹೇಳಿದ್ದೇನೆ. ನಮ್ಮ ಪರೀಕ್ಷೆ ಮಾರ್ಚ್‌ನಲ್ಲಿ, ಅಷ್ಟರೊಳಗೆ ಆ್ಯಪ್ ಒಂದು ಓಣಿಯಲ್ಲಾದರೂ ನಡೆಯಬೇಕು.

ಬೆಳಗಾವಿಯ ತಮ್ಮಾ, ಶನಿವಾರ ಮಧ್ಯಾಹ್ನ ವಿಡಿಯೋ ಕಾಲ್‌ನಲ್ಲಿ ಆ ಬಣ್ಣದ ತುಂಡು ಜೋಡಿಸೋದು ತೋರಿಸೋಕೆ ಆಗುತ್ತಾ? ನಾನೂ ಜೊತೆಗೆ ಕೂತು ಕಲಿಯುತ್ತೇನೆ.

ಬೆಳಗಾವಿ_ಸಿಎಸ್:

ಆಗುತ್ತೆ ಮೇಡಂ. ಅವತ್ತು ಆ್ಯಪ್ ಇನ್ವೆಂಟರ್‌ಗೆ ಲಾಗಿನ್ ಆಗೋಕೆ ಎಲ್ಲರಿಗೂ ಒಂದೊಂದು ಜಿಮೇಲ್ ಇರೋದಕ್ಕಿಂತ ತಂಡಕ್ಕೆ ಒಂದೇ ಇರಲಿ, ಪಾಸ್‌ವರ್ಡ್ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಒಂದು ಬಟನ್, ಒಂದು ಓಣಿ. ಮೊದಲ ಶನಿವಾರ ಅಷ್ಟೇ ಮಾಡೋಣ.