ಸೂಪರ್‌ಕಾರ್ ಬಾಡಿಗೆಗೆ ದುಬೈಯೋ, ಮೊನಾಕೊವೋ, ಮರನೆಲ್ಲೊವೋ?

ಪ್ರಶ್ನೆ (ಹುಬ್ಬಳ್ಳಿಯಿಂದ):

ನಮಸ್ಕಾರ ಸರ್. ವಿದೇಶದಲ್ಲಿ ಸ್ವತಃ ಕಾರು ಓಡಿಸುವ ಪ್ರವಾಸಗಳನ್ನು ನೀವು ಹನ್ನೆರಡು ವರ್ಷಗಳಿಂದ ಏರ್ಪಡಿಸುತ್ತಿದ್ದೀರಿ ಎಂದು ತಿಳಿದು ಕೇಳುತ್ತಿದ್ದೇನೆ. ನನಗೆ 42 ವರ್ಷ, ಕೃಷಿ ಯಂತ್ರೋಪಕರಣಗಳ ವ್ಯಾಪಾರ. ಹೈಸ್ಕೂಲಿನಲ್ಲಿದ್ದಾಗ ಗೋಡೆಗೆ ಅಂಟಿಸಿದ್ದ ಕೆಂಪು ಫೆರಾರಿಯ ಚಿತ್ರ ನಮ್ಮ ಹಳೆಯ ಮನೆಯಲ್ಲಿ ಈಗಲೂ ಇದೆ. ದಸರಾ ರಜೆಯಲ್ಲಿ ಹೆಂಡತಿ ಮತ್ತು ಎಂಟು ವರ್ಷದ ಮಗಳ ಜೊತೆ ಹತ್ತು ದಿನ ಹೋಗುವ ಯೋಚನೆ. ಅದರಲ್ಲಿ ಎರಡು–ಮೂರು ದಿನ ಅಂಥದೊಂದು ಕಾರನ್ನು ನಾನೇ ಓಡಿಸಬೇಕು. ದುಬೈಯಲ್ಲಿ ಭಾವಮೈದುನ ಇದ್ದಾನೆ, ಬಾಡಿಗೆಯೂ ಅಲ್ಲಿ ಕಡಿಮೆ. ಹೆಂಡತಿಗೆ ನೀಸ್, ಮೊನಾಕೊ ಕಡೆಯ ಕಡಲ ತೀರ ನೋಡುವ ಆಸೆ. ನನ್ನ ಮನಸ್ಸು ಇಟಲಿಯ ಕಡೆಗಿದೆ, ಆದರೆ ಅಲ್ಲಿ ದಂಡಗಳ ಕಾಟ ಎಂದು ಕೇಳಿದ್ದೇನೆ. ಹೊರದೇಶದಲ್ಲಿ ಇದುವರೆಗೆ ಕಾರು ಓಡಿಸಿಲ್ಲ. ಯಾವುದನ್ನು ಆರಿಸಿಕೊಳ್ಳಲಿ?

ಉತ್ತರ:

ನಮಸ್ಕಾರ. ಮೊದಲು ನಿಮ್ಮ ಮಗಳ ವಿಷಯ ಹೇಳುತ್ತೇನೆ, ಏಕೆಂದರೆ ಅರ್ಧ ತೀರ್ಮಾನ ಅಲ್ಲಿಯೇ ಆಗುತ್ತದೆ. ಸಂಯುಕ್ತ ಅರಬ್ ಎಮಿರೇಟ್ಸ್‌ನ ಕಾನೂನಿನ ಪ್ರಕಾರ ಮುಂದಿನ ಸೀಟಿನಲ್ಲಿ ಕೂರುವವರಿಗೆ ಕನಿಷ್ಠ 10 ವರ್ಷ ಆಗಿರಬೇಕು, ಎತ್ತರ 145 ಸೆಂಟಿಮೀಟರ್ ಇರಬೇಕು. ಲಂಬೋರ್ಗಿನಿ ಹುರಕಾನ್‌ನಂಥ ಕಾರಿಗೆ ಇರುವುದೇ ಎರಡು ಸೀಟು. ಅಂದರೆ ದುಬೈಯಲ್ಲಿ ಆ ಕಾರು ತೆಗೆದುಕೊಂಡರೆ ಮಗಳನ್ನು ಮನೆಯಲ್ಲಿಯೇ ಬಿಟ್ಟು ಹೋಗಬೇಕು. ಇದನ್ನು ಬಾಡಿಗೆಗೆ ಕೊಡುವವರು ತಾವಾಗಿ ಹೇಳುವುದು ಕಡಿಮೆ. ಕಾರಿನ ಪಕ್ಕದಲ್ಲಿ ಮಗು ಅಳುತ್ತ ನಿಂತಾಗ ತಂದೆಗೆ ಗೊತ್ತಾಗುತ್ತದೆ.

ದುಬೈಯ ಬಗ್ಗೆ ನನಗೆ ತಕರಾರಿಲ್ಲ. ಕಾರುಗಳು ಹೊಸವು, ಆಯ್ಕೆ ಬಹಳ, ರಸ್ತೆಗಳು ಅಗಲ. ಯುರೋಪಿನಲ್ಲಿ ದಿನಕ್ಕೆ 1,000 ಯೂರೋಗಿಂತ ಹೆಚ್ಚು ಕೇಳುವ ಕಾರು ಅಲ್ಲಿ ಅದರ ಅರ್ಧದಷ್ಟಕ್ಕೇ ಸಿಗುವುದೂ ಉಂಟು. ಆದರೆ ಆ ಕಾರನ್ನು ಎಲ್ಲಿ ಓಡಿಸುತ್ತೀರಿ? ಶೇಖ್ ಜಾಯೆದ್ ರಸ್ತೆ ನೇರ, ಕ್ಯಾಮೆರಾಗಳು ಸಾಲುಸಾಲು, ಸಂಜೆ ವಾಹನ ದಟ್ಟಣೆ. ನಿಜವಾದ ತಿರುವುಗಳು ಬೇಕೆಂದರೆ ಅಲ್ ಐನ್ ಬಳಿಯ ಜಬಲ್ ಹಫೀತ್‌ಗೋ ರಾಸ್ ಅಲ್ ಖೈಮಾದ ಜಬಲ್ ಜೈಸ್‌ಗೋ ಹೋಗಬೇಕು. ಎರಡೂ ಚೆಲುವಾದ ಬೆಟ್ಟದ ರಸ್ತೆಗಳು. ಆದರೆ ದುಬೈಯಿಂದ ಯಾವುದಕ್ಕೆ ಹೋಗಿ ಬಂದರೂ ಸುಮಾರು 300 ಕಿ.ಮೀ. ಆಗುತ್ತದೆ. ಬಾಡಿಗೆ ಕರಾರಿನಲ್ಲಿ ದಿನಕ್ಕೆ ಸಾಮಾನ್ಯವಾಗಿ 250 ಕಿ.ಮೀ. ಮಿತಿ ಇರುತ್ತದೆ. ಮೇಲಿನ ಪ್ರತಿ ಕಿಲೋಮೀಟರಿಗೂ ಹಣ ತೆರಬೇಕು. ಅಷ್ಟು ದೂರದಲ್ಲಿ ಬೆಟ್ಟದ ತಿರುವು ಸಿಗುವುದು ಹನ್ನೆರಡೋ ಇಪ್ಪತ್ತೋ ಕಿಲೋಮೀಟರು, ಉಳಿದದ್ದೆಲ್ಲ ಮರುಭೂಮಿಯ ಹೆದ್ದಾರಿ.

ಇನ್ನೊಂದು ಸೂಕ್ಷ್ಮವನ್ನು ಗಮನಿಸಿ. ದುಬೈಯಲ್ಲಿ ವೇಗಮಿತಿಯ ಮೇಲೆ 20 ಕಿ.ಮೀ. ರಿಯಾಯಿತಿ ಇದೆ ಎಂದು ಎಲ್ಲರೂ ಹೇಳುತ್ತಾರೆ. ಅಬುಧಾಬಿ ಎಮಿರೇಟ್‌ನಲ್ಲಿ ಅದನ್ನು 2018ರಲ್ಲಿಯೇ ತೆಗೆದರು, ಅಲ್ ಐನ್ ಇರುವುದು ಅಬುಧಾಬಿಯಲ್ಲಿ. ಎಮಿರೇಟ್‌ನ ಗಡಿ ದಾಟಿದ್ದು ಗಮನಕ್ಕೆ ಬಾರದೆ ದಂಡ ಕಟ್ಟಿದವರು ನನ್ನ ಬಳಿಯೇ ಹಲವರಿದ್ದಾರೆ.

ಮೊನಾಕೊ ವಿಚಾರ ಬೇಗ ಮುಗಿಸುತ್ತೇನೆ. ಇಡೀ ದೇಶ ಎರಡು ಚದರ ಕಿಲೋಮೀಟರಿನಷ್ಟು. ಫಾರ್ಮುಲಾ ಒನ್ ಕಾರುಗಳು ಸುತ್ತುವ 3.337 ಕಿ.ಮೀ. ಹಾದಿ ಊರಿನ ಬೀದಿಗಳೇ, ಉಳಿದ ದಿನಗಳಲ್ಲಿ ಅಲ್ಲಿ ಗಂಟೆಗೆ 50ರ ಮಿತಿ, ಮುಂದೆ ಒಂದು ಬಸ್ಸು, ಹಿಂದೆ ಒಂದು ಸ್ಕೂಟರು. ಕಾಸಿನೊ ಚೌಕದಲ್ಲಿ ಇಳಿದು ಜನ ಕಾರು ನೋಡುವುದನ್ನು ನೋಡಬೇಕು ಎನ್ನುವವರಿಗೆ ಆ ಊರು. ನೀಸ್‌ನಿಂದ ಏಜ್ ಹಳ್ಳಿಯ ಕಡೆಗೆ ಹೋಗುವ ಮಧ್ಯದ ಕಾರ್ನಿಷ್ (ಕಡಲ ಮೇಲಿನ ಬೆಟ್ಟದಂಚಿನ ಮೂರು ರಸ್ತೆಗಳಲ್ಲಿ ನಡುವಿನದು) ಮಾತ್ರ ಬೆಳಗ್ಗೆ ಏಳಕ್ಕೆ ನಿಜಕ್ಕೂ ಸೊಗಸು, ಹತ್ತರ ಹೊತ್ತಿಗೆ ತುಂಬಿರುತ್ತದೆ. ಮಾಂಟೆ ಕಾರ್ಲೊ ರ‍್ಯಾಲಿಯಿಂದ ಹೆಸರಾದ 1,607 ಮೀಟರ್ ಎತ್ತರದ ತುರಿನಿ ಕಣಿವೆದಾರಿಯೂ ಹತ್ತಿರದಲ್ಲೇ ಇದೆ. ಆದರೆ ಆ ದಾರಿ ಕಿರಿದು. ಎರಡು ಮೀಟರ್ ಹತ್ತಿರದ ಅಗಲದ ಕಾರಿನಲ್ಲಿ, ಅದೂ ಮೊದಲ ಸಲ ಎಡಗಡೆಯ ಸ್ಟೀರಿಂಗ್ ಹಿಡಿದವರಿಗೆ, ನಾನು ಅದನ್ನು ಹೇಳುವುದಿಲ್ಲ.

ನಿಮಗೆ ನನ್ನ ಆಯ್ಕೆ ಇಟಲಿ, ಅದರಲ್ಲೂ ಮೊಡೆನಾ ಮತ್ತು ಬೊಲೊನ್ಯಾ ನಡುವಿನ ಸೀಮೆ. ಎನ್ಝೊ ಫೆರಾರಿ ಹುಟ್ಟಿದ್ದು ಮೊಡೆನಾದಲ್ಲಿ, 1898ರಲ್ಲಿ. ಫೆರಾರಿ ಹೆಸರಿನ ಮೊದಲ ಕಾರು 1947ರಲ್ಲಿ ಹೊರಬಂದದ್ದು ಪಕ್ಕದ ಮರನೆಲ್ಲೊದ ಕಾರ್ಖಾನೆಯಿಂದ. ಲಂಬೋರ್ಗಿನಿಯ ಸಾಂತಾಗಾತ ಬೊಲೊನ್ಯೇಸೆ, ಪಗಾನಿಯ ಸಾನ್ ಚೆಸಾರಿಯೊ, ಮಸೆರಾಟಿಯ ಮೊಡೆನಾ – ಈ ಕಾರು ತಯಾರಕರ ಊರುಗಳೆಲ್ಲವೂ ಮರನೆಲ್ಲೊದಿಂದ ಒಂದು ಗಂಟೆಯ ಒಳಗಿನ ದಾರಿ. ಆದರೆ ನನ್ನ ಕಾರಣ ವಸ್ತುಸಂಗ್ರಹಾಲಯಗಳಲ್ಲ, ರಸ್ತೆ. ಮರನೆಲ್ಲೊದಲ್ಲಿ ಊರು ಮುಗಿಯುವಲ್ಲಿಯೇ ಅಪೆನ್ನೈನ್ ಬೆಟ್ಟಗಳ ಏರು ಶುರುವಾಗುತ್ತದೆ. ಬಾಡಿಗೆಯ ಮೊದಲ ಹತ್ತು ನಿಮಿಷದಲ್ಲಿಯೇ ತಿರುವುಗಳ ನಡುವೆ ಇರುತ್ತೀರಿ. ದಿನದ ಮಿತಿಯ ಒಂದು ಕಿಲೋಮೀಟರೂ ಹೆದ್ದಾರಿಗೆ ಪೋಲಾಗುವುದಿಲ್ಲ. ಅಕ್ಟೋಬರ್ ಮೊದಲ ವಾರಗಳಲ್ಲಿ ಅಲ್ಲಿ ಸೆಕೆಯೂ ಇಲ್ಲ, ಹಿಮವೂ ಇಲ್ಲ.

ದಂಡದ ಭಯ ಸುಳ್ಳಲ್ಲ. ಅದರಲ್ಲಿ ಹೆಚ್ಚು ಪಾಲು ಒಂದೇ ಕಡೆಯಿಂದ ಬರುತ್ತದೆ: ಹಳೆಯ ಪೇಟೆಗಳ ನಿರ್ಬಂಧಿತ ಸಂಚಾರ ವಲಯ. ಬಿಳಿ ವೃತ್ತಕ್ಕೆ ಕೆಂಪು ಅಂಚಿನ ಫಲಕ, ಪಕ್ಕದಲ್ಲೊಂದು ಕ್ಯಾಮೆರಾ. ದಾಟಿದಾಗ ಯಾರೂ ತಡೆಯುವುದಿಲ್ಲ, ತಿಂಗಳುಗಳ ನಂತರ ಹುಬ್ಬಳ್ಳಿಗೆ ಪತ್ರ ಬರುತ್ತದೆ, ಬಾಡಿಗೆ ಸಂಸ್ಥೆ ನಿಮ್ಮ ವಿಳಾಸ ಕೊಟ್ಟಿದ್ದಕ್ಕೆ ಬೇರೆ ಶುಲ್ಕ ಕಡಿದುಕೊಂಡಿರುತ್ತದೆ. ಪರಿಹಾರ ಸುಲಭ. ಬೊಲೊನ್ಯಾ, ಮೊಡೆನಾ, ಫ್ಲಾರೆನ್ಸ್‌ಗಳ ಹಳೆಯ ಪೇಟೆಯೊಳಗೆ ಕಾರು ಒಯ್ಯಲೇಬೇಡಿ, ಮರನೆಲ್ಲೊದಲ್ಲಿಯೋ ಬೆಟ್ಟದ ಬುಡದ ಹಳ್ಳಿಯಲ್ಲಿಯೋ ಉಳಿದುಕೊಳ್ಳಿ. ಹೆದ್ದಾರಿಯಲ್ಲಿ 130, ಮಳೆ ಬಂದರೆ 110. ಎರಡು ಕಂಬಗಳ ನಡುವಿನ ಸರಾಸರಿ ವೇಗ ಅಳೆಯುವ ವ್ಯವಸ್ಥೆಯೂ ಇದೆ. ಆದ್ದರಿಂದ ಕ್ಯಾಮೆರಾ ಕಂಡಾಗ ಮಾತ್ರ ಬ್ರೇಕ್ ಒತ್ತುವ ನಮ್ಮ ಅಭ್ಯಾಸ ಅಲ್ಲಿ ನಡೆಯದು.

ಪ್ರಶ್ನೆ (ಹುಬ್ಬಳ್ಳಿಯಿಂದ):

ಮಗಳ ವಿಷಯ ನನಗೆ ಹೊಳೆದೇ ಇರಲಿಲ್ಲ ಸರ್, ಧನ್ಯವಾದ. ಹಾಗಾದರೆ ಇಟಲಿಯಲ್ಲಿ ಅವಳು ಕೂರಬಹುದೇ? ಯಾವ ಕಾರು? ಎಡಗಡೆಯ ಸ್ಟೀರಿಂಗ್ ಬಗ್ಗೆ ಹೆಂಡತಿಗೆ ಬಹಳ ಅಂಜಿಕೆ ಇದೆ.

ಉತ್ತರ:

ಇಟಲಿಯಲ್ಲಿ 150 ಸೆಂಟಿಮೀಟರ್‌ಗಿಂತ ಕಡಿಮೆ ಎತ್ತರದ ಮಕ್ಕಳಿಗೆ ಮಕ್ಕಳ ಸೀಟು ಕಡ್ಡಾಯ. ಅದಿದ್ದರೆ ಕೂರಬಹುದು. ನೀವು ಮೂವರು. ಆದ್ದರಿಂದ ಎರಡು ಸೀಟಿನ ಕಾರು ಬೇಡ. ಫೆರಾರಿ ರೋಮಾ ಅಥವಾ ಪೋರ್ಟೊಫಿನೊ ಕೇಳಿ. ಎರಡರಲ್ಲೂ ಹಿಂದೆ ಚಿಕ್ಕ ಸೀಟುಗಳಿವೆ. ದೊಡ್ಡವರಿಗೆ ಅವು ಆಗುವುದಿಲ್ಲ, ಎಂಟು ವರ್ಷದ ಹುಡುಗಿಗೆ ಸಾಕು. ನಿಮ್ಮ ಮಗಳ ಎತ್ತರ, ತೂಕ ಬರೆದು, ಆ ಕಾರಿನಲ್ಲಿ ಕೂರುವಂಥ ಮಕ್ಕಳ ಸೀಟಿನ ಫೋಟೊ ಕಳುಹಿಸಲು ಮೊದಲೇ ಹೇಳಿ. ರೋಮಾದ ಎಂಜಿನ್ ಮುಂದಿದೆ, ಎಂಟು ಸಿಲಿಂಡರ್, 620 ಅಶ್ವಶಕ್ತಿ. ನಿಮ್ಮ ಗೋಡೆಯ ಚಿತ್ರದ ಕಾರಿಗೆ ಎಂಜಿನ್ ಹಿಂದಿದ್ದಿರಬಹುದು. ಆ ಆಸೆಯನ್ನು ಬೇರೆ ರೀತಿಯಲ್ಲಿ ತೀರಿಸೋಣ: ಮರನೆಲ್ಲೊದಲ್ಲಿ ಕಾರ್ಖಾನೆಯ ಸುತ್ತಮುತ್ತ ಹತ್ತು, ಇಪ್ಪತ್ತು, ಮೂವತ್ತು ನಿಮಿಷಗಳ ಲೆಕ್ಕದಲ್ಲಿ ಫೆರಾರಿ ಓಡಿಸಲು ಕೊಡುವ ಅಂಗಡಿಗಳಿವೆ. ಪಕ್ಕದಲ್ಲಿ ಅವರ ತರಬೇತುದಾರ ಕುಳಿತಿರುತ್ತಾನೆ. ನನ್ನ ಸಹೋದ್ಯೋಗಿಗಳು ಕೆಲವರು ಇದನ್ನು ಪ್ರವಾಸಿಗರ ಆಟ ಎಂದು ತಳ್ಳಿಹಾಕುತ್ತಾರೆ, ನಾನು ಒಪ್ಪುವುದಿಲ್ಲ. ಮೊದಲ ಸಲ ಹೋಗುವವರಿಗೆ ಅದಕ್ಕಿಂತ ಒಳ್ಳೆಯ ಪಾಠ ಇಲ್ಲ.

ಸ್ಟೀರಿಂಗ್ ಬಗ್ಗೆ ನಿಮ್ಮ ಮನೆಯವರ ಅಂಜಿಕೆ ಸರಿಯಾದದ್ದು. ಬಲಗಡೆ ಓಡಿಸುವುದು ಒಂದು ಗಂಟೆಯಲ್ಲಿ ರೂಢಿಯಾಗುತ್ತದೆ, ಕಾರಿನ ಬಲಬದಿ ಎಲ್ಲಿ ಮುಗಿಯುತ್ತದೆ ಎಂಬ ಅಂದಾಜು ಎರಡು ದಿನ ತೆಗೆದುಕೊಳ್ಳುತ್ತದೆ. ನಮ್ಮವರು ಬಾಡಿಗೆ ಕಾರಿನ ಬಲಬದಿಯ ಚಕ್ರಗಳನ್ನೇ ಕಟ್ಟೆಗೆ ಉಜ್ಜುತ್ತಾರೆ. ಆದ್ದರಿಂದ ಇಳಿದ ದಿನವೇ ಫೆರಾರಿ ಬೇಡ. ಬೊಲೊನ್ಯಾ ವಿಮಾನ ನಿಲ್ದಾಣದಲ್ಲಿ ಒಂದು ಸಾಧಾರಣ ಸಣ್ಣ ಕಾರು ತೆಗೆದುಕೊಂಡು ಎರಡು ದಿನ ಓಡಿಸಿ. ಮೂರನೆಯ ದಿನ ಇಪ್ಪತ್ತು ನಿಮಿಷ ತರಬೇತುದಾರನ ಜೊತೆ. ನಾಲ್ಕು ಮತ್ತು ಐದನೆಯ ದಿನಗಳಿಗೆ ಮಾತ್ರ ರೋಮಾ. ಮೂರು ದಿನ ಬೇಡ, ಎರಡು ದಿನ ಸಾಕು. ಮೂರನೆಯ ದಿನದ ಬಾಡಿಗೆಯಲ್ಲಿ ನಿಮ್ಮ ಮನೆಯವರಿಗೆ ಸಮುದ್ರ ತೋರಿಸಬಹುದು: ಕಾರು ಒಪ್ಪಿಸಿ ರೈಲು ಹತ್ತಿ ಲಿಗೂರಿಯಾ ತೀರದ ಸಾಂತಾ ಮಾರ್ಗೆರಿತಾಕ್ಕೆ ಹೋಗಿ, ಅಲ್ಲಿಂದ ಪೋರ್ಟೊಫಿನೊ ಊರಿಗೆ ದೋಣಿಯಲ್ಲಿ ಹೋಗಬಹುದು. ನೀಸ್‌ನಲ್ಲಿ ಕಾಣುವ ಸಮುದ್ರವೇ ಅದು.

ನಾಲ್ಕನೆಯ ದಿನದ ದಾರಿ ಹೇಳಿಬಿಡುತ್ತೇನೆ: ಮರನೆಲ್ಲೊ, ಸೆರ‍್ರಮತ್ಸೋನಿ, ಪಾವುಲ್ಲೊ, ಕೊನೆಗೆ 1,388 ಮೀಟರ್ ಎತ್ತರದ ಅಬೆತೋನೆ ಕಣಿವೆದಾರಿ. ಹೋಗಿ ಬರುವುದಕ್ಕೆ ಸುಮಾರು 150 ಕಿ.ಮೀ. ಹದಿನೆಂಟನೆಯ ಶತಮಾನದಲ್ಲಿ ಮೊಡೆನಾದ ಡ್ಯೂಕ್ ಮಾಡಿಸಿದ ರಸ್ತೆ. ಮೇಲೆ ಎರಡು ಕಲ್ಲಿನ ಪಿರಮಿಡ್‌ಗಳಿವೆ, ಮೊಡೆನಾ ಮತ್ತು ಟಸ್ಕನಿ ರಾಜ್ಯಗಳ ಹಳೆಯ ಗಡಿ ಅದು. ಆಗುಂಬೆ ಘಾಟಿಯ ಹದಿನಾಲ್ಕು ತಿರುವು ಇಳಿದವರಿಗೆ ಈ ದಾರಿ ಕಷ್ಟವೇನಲ್ಲ, ಘಾಟಿಗಿಂತ ಅಗಲವಾಗಿದೆ, ಬಿಡುವಾಗಿದೆ. ಮೇಲ್ಭಾಗದಲ್ಲಿ ಮರಗಳ ನೆರಳಿನಲ್ಲಿ ಒದ್ದೆ ಎಲೆ ಬಿದ್ದಿರುತ್ತದೆ, ಅಲ್ಲಿ ಮಾತ್ರ ಜೋಪಾನ. ಐದನೆಯ ದಿನ ಬೊಲೊನ್ಯಾದ ದಕ್ಷಿಣಕ್ಕೆ ರತಿಕೋಸಾ, ಫೂತಾ ಕಣಿವೆದಾರಿಗಳು. 1927ರಿಂದ 1957ರವರೆಗೆ ನಡೆದ ಮಿಲ್ಲೆ ಮಿಲ್ಯಾ ಓಟದ ಕಾರುಗಳು ಹಾದುಹೋದ ರಸ್ತೆ ಅದು. ಆ ರಸ್ತೆಯ ಮೇಲೆ ನಾನು ಹನ್ನೊಂದು ಸಲ ಓಡಿಸಿದ್ದೇನೆ. ರತಿಕೋಸಾದ ನೆತ್ತಿಯಲ್ಲಿ ಎಂಜಿನ್ ಆರಿಸಿ ಇಳಿದಾಗ ಕೇಳುವ ಮೌನ, ಮತ್ತೆ ಚಾಲೂ ಮಾಡಿದಾಗಿನ ಸದ್ದು, ಎರಡೂ ಮಗಳಿಗೆ ನೆನಪಿರುತ್ತವೆ.

ಪ್ರತಿಕ್ರಿಯೆ (ದುಬೈಯಲ್ಲಿರುವ ಮಂಗಳೂರಿನ ಸದಸ್ಯರು):

ಸರ್ ಹೇಳಿದ್ದು ನಿಜ. ಜೊತೆಗೆ ಒಂದು ಮಾತು. ನಾನು ಇಲ್ಲಿ ಕಾರು ತೆಗೆದುಕೊಂಡಾಗ ಮುಂದಿನ ಬಂಪರ್‌ನ ತಳದಲ್ಲಿ ಹಳೆಯ ಗೀರು ಇತ್ತು. ಬಗ್ಗಿ ನೋಡಲಿಲ್ಲ. ಹಿಂದಿರುಗಿಸುವಾಗ ಅದು ನನ್ನ ಲೆಕ್ಕಕ್ಕೆ ಬಂತು, ಠೇವಣಿಯ ದೊಡ್ಡ ಭಾಗ ವಾಪಸು ಬರಲೇ ಇಲ್ಲ.

ಉತ್ತರ:

ಬಹಳ ಮುಖ್ಯವಾದದ್ದನ್ನು ಹೇಳಿದಿರಿ. ಈ ಕಾರುಗಳ ತಳ ನೆಲಕ್ಕೆ ಅಷ್ಟು ಹತ್ತಿರ ಇರುತ್ತದೆ, ಗೀರು ಕಾಣುವುದು ಮಲಗಿ ನೋಡಿದರೆ ಮಾತ್ರ. ಮೊಬೈಲನ್ನು ನೆಲದ ಮೇಲಿಟ್ಟು ಮುಂದಿನ ಬಂಪರ್‌ನ ತಳ, ನಾಲ್ಕೂ ಚಕ್ರದ ಅಂಚು, ಗಾಜು, ಸೀಟು, ಕಿಲೋಮೀಟರ್ ಓದು – ಎಲ್ಲವನ್ನೂ ಸಿಬ್ಬಂದಿಯ ಎದುರಿನಲ್ಲಿಯೇ ವಿಡಿಯೊ ಮಾಡಿ, ಅಲ್ಲಿಂದಲೇ ಅವರಿಗೆ ಕಳುಹಿಸಿ. ಮುಂಭಾಗವನ್ನು ಎತ್ತುವ ಗುಂಡಿ ಇದೆಯೇ ಎಂದು ಕೇಳಿ, ರಸ್ತೆಯುಬ್ಬು ಬಂದಾಗಲೆಲ್ಲ ಅದನ್ನು ಒತ್ತಿ. ವಿಮೆ ಇದೆ ಎಂದ ಮಾತ್ರಕ್ಕೆ ಎಲ್ಲವೂ ಅದರಲ್ಲಿ ಸೇರುವುದಿಲ್ಲ. ಚಕ್ರ, ಟೈರು, ಗಾಜು, ತಳಭಾಗ ಬಹಳ ಕರಾರುಗಳಲ್ಲಿ ಹೊರಗಿರುತ್ತವೆ. ಅಪಘಾತವಾದರೆ ಮೊದಲ ಎಷ್ಟು ಸಾವಿರ ಯೂರೋ ನಿಮ್ಮದು ಎಂಬ ಒಂದು ಅಂಕಿಯನ್ನು ಬರಹದಲ್ಲಿ ಪಡೆಯದೆ ಸಹಿ ಹಾಕಬೇಡಿ.

ಪ್ರಶ್ನೆ (ಉಡುಪಿಯಿಂದ):

ಜರ್ಮನಿಯಲ್ಲಿ ವೇಗಮಿತಿಯೇ ಇಲ್ಲ ಎನ್ನುತ್ತಾರೆ. ಅದನ್ನೇಕೆ ಬಿಟ್ಟಿರಿ?

ಉತ್ತರ:

ಕುಟುಂಬದ ಜೊತೆ ಹೋಗುವ ಹೊಸಬರಿಗಾಗಿ ಬಿಟ್ಟೆ. ಅಲ್ಲಿಯ ಹೆದ್ದಾರಿಯಾದ ಆಟೋಬಾನ್‌ನ ಎಲ್ಲ ಭಾಗವೂ ಮುಕ್ತವಲ್ಲ. ಕಾಮಗಾರಿ, ಊರಿನ ಹತ್ತಿರ, ದಟ್ಟಣೆ ಇದ್ದಲ್ಲಿ ಮಿತಿ ಇದೆ. ಮುಕ್ತ ಭಾಗದಲ್ಲೂ ಸಲಹೆಯ ವೇಗ 130. ಅದನ್ನು ಮೀರಿದವರು ಅಪಘಾತದಲ್ಲಿ ಸಿಕ್ಕರೆ ತಪ್ಪಿನ ಪಾಲು ಅವರ ತಲೆಗೂ ಬರಬಹುದು. ನ್ಯೂರ್‌ಬುರ್ಗ್‌ರಿಂಗ್‌ನ 20.8 ಕಿ.ಮೀ. ಹಳೆಯ ಟ್ರ್ಯಾಕಿಗೆ ಸಾಮಾನ್ಯ ಬಾಡಿಗೆ ಕಾರು ಒಯ್ದರೆ ಕರಾರು ಮುರಿದಂತೆ, ವಿಮೆಯೂ ಹೋಗುತ್ತದೆ. ಅದಕ್ಕೆಂದೇ ಕಾರು ಕೊಡುವವರು ಅಲ್ಲಿಯೇ ಇದ್ದಾರೆ, ಅವರಲ್ಲಿ ತೆಗೆದುಕೊಳ್ಳಿ. ನೀವು ಒಬ್ಬರೇ ಅಥವಾ ಗೆಳೆಯರ ಜೊತೆ ಹೋಗುವುದಾದರೆ ಶ್ಟುಟ್‌ಗಾರ್ಟ್‌ನಲ್ಲಿ ಪೋರ್ಷೆ ಹಿಡಿದು ಕಪ್ಪುಕಾಡಿನ ಬಿ 500 ರಸ್ತೆಗೆ ಹೋಗಿ, ಬಹಳ ಚೆನ್ನಾಗಿದೆ.

ಪ್ರಶ್ನೆ (ಹುಬ್ಬಳ್ಳಿಯಿಂದ):

ಇಟಲಿ ಎಂದು ತೀರ್ಮಾನಿಸಿದೆವು ಸರ್. ಕಾಗದಪತ್ರ ಏನೇನು ಬೇಕು? ನಾವು ಶುದ್ಧ ಸಸ್ಯಾಹಾರಿಗಳು, ಊಟದ ಬಗ್ಗೆಯೂ ಹೇಳಿ ಎಂದು ಹೆಂಡತಿ ಕೇಳುತ್ತಿದ್ದಾಳೆ.

ಉತ್ತರ:

ಸಂತೋಷ. ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಇಟಲಿಯಲ್ಲಿ ಬೇಕೇ ಬೇಕು. ಆರ್‌ಟಿಒದಲ್ಲಿ ನಮೂನೆ 4ಎ, ಶುಲ್ಕ 1,000 ರೂಪಾಯಿ, ಒಂದು ವರ್ಷ ನಡೆಯುತ್ತದೆ. ಅದರ ಜೊತೆ ಮೂಲ ಪರವಾನಗಿಯನ್ನೂ ಒಯ್ಯಿರಿ. ಠೇವಣಿಗೆ ಕ್ರೆಡಿಟ್ ಕಾರ್ಡ್ ಬೇಕು, ಡೆಬಿಟ್ ಕಾರ್ಡ್ ಸಾಮಾನ್ಯವಾಗಿ ಒಪ್ಪುವುದಿಲ್ಲ. ಕಾರ್ಡ್ ಓಡಿಸುವವರ ಹೆಸರಿನಲ್ಲಿಯೇ ಇರಬೇಕು, ಹೆಂಡತಿಯ ಕಾರ್ಡ್ ನಡೆಯದು. ಇಂಥ ಕಾರಿಗೆ ಸಾವಿರಾರು ಯೂರೋ ತಡೆಹಿಡಿಯುತ್ತಾರೆ. ಹೋಗುವ ಮುನ್ನ ಬ್ಯಾಂಕಿಗೆ ಹೇಳಿ ವಿದೇಶಿ ವಹಿವಾಟಿನ ಮಿತಿ ಹೆಚ್ಚಿಸಿಕೊಳ್ಳಿ. ಹಿಂದಿರುಗಿದ ಮೇಲೂ ಆ ಹಣ ಬಿಡುಗಡೆಯಾಗಲು ಕೆಲವು ದಿನ ಹಿಡಿಯುತ್ತದೆ. ಆದ್ದರಿಂದ ಹೋಟೆಲಿಗೆ ಬೇರೆ ಕಾರ್ಡ್ ಇಟ್ಟುಕೊಳ್ಳಿ.

ಊಟದ ಬಗ್ಗೆ ತಂಗಿಯವರಿಗೆ ಹೇಳಿ: ಕಡುಬಿನಂಥ ಪಾಸ್ತಾಗಳಲ್ಲಿ ಕುಂಬಳಕಾಯಿ ಹೂರಣದ ತೊರ್ತೆಲ್ಲಿ, ರಿಕೊತಾ ಚೀಸ್ ಮತ್ತು ಸೊಪ್ಪಿನ ತೊರ್ತೆಲ್ಲೋನಿ ಎರಡೂ ಮಾಂಸವಿಲ್ಲದೆ ಸಿಗುತ್ತವೆ, ಆದರೆ ಹಿಟ್ಟಿಗೆ ಸಾಮಾನ್ಯವಾಗಿ ಮೊಟ್ಟೆ, ಹೂರಣಕ್ಕೆ ಚೀಸ್ ಹಾಕಿರುತ್ತಾರೆ, ಕೇಳಿ ತಿನ್ನಿ. ಅದೇ ರೀತಿ ಕಾಣುವ ಚಿಕ್ಕ ತೊರ್ತೆಲ್ಲೀನಿಯಲ್ಲಿ ಮಾಂಸ ಇರುತ್ತದೆ, ಹೆಸರಿನಲ್ಲಿ ಮೋಸ ಹೋಗಬಾರದು. ಪೂರಿಯಂತೆ ಉಬ್ಬಿದ ನ್ಯೊಕ್ಕೊ ಫ್ರಿತ್ತೊವನ್ನು ಹಲವೆಡೆ ಹಂದಿಯ ಕೊಬ್ಬಿನಲ್ಲಿ ಕರಿಯುತ್ತಾರೆ. ಅಲ್ಲಿಯ ಹೆಸರಾಂತ ಪಾರ್ಮಿಜಾನೊ ಚೀಸನ್ನು ಹೆಪ್ಪುಗಟ್ಟಿಸುವುದು ಕರುವಿನ ಹೊಟ್ಟೆಯ ರೆನೆಟ್‌ನಿಂದ. ಶುದ್ಧ ಸಸ್ಯಾಹಾರ ಎಂದಿದ್ದೀರಿ, ಆದ್ದರಿಂದ ಮೊದಲೇ ತಿಳಿಸಿದೆ. ‘ಸೆನ್ಸಾ ಕಾರ್ನೆ, ಸೆನ್ಸಾ ಫೊರ್ಮಾಜೊ’ ಎಂದರೆ ಮಾಂಸವಿಲ್ಲದೆ, ಚೀಸ್ ಇಲ್ಲದೆ. ಇಷ್ಟನ್ನು ಮಗಳಿಗೆ ಕಲಿಸಿಡಿ, ಮಕ್ಕಳು ಕೇಳಿದರೆ ಅಲ್ಲಿಯ ಅಡುಗೆಯವರು ಒಳಗಿನಿಂದ ಎದ್ದು ಬಂದು ಮಾತನಾಡಿಸುತ್ತಾರೆ.